ಮಳಖೇಡದ ಸರ್‌ಲಷ್ಕರ್

ಮಳಖೇಡ ಎಂದರೆ ನಮಗೆ ನೃಪತುಂಗ. ಸೇಡಂ ಕಡೆಯ ಶಾಲೆಗಳಲ್ಲಿ ಪಾಠ ಅಲ್ಲಿಗೇ ಮುಗಿಯುತ್ತಿತ್ತು. ಮೂವತ್ತು ವರ್ಷ ಮೇಷ್ಟ್ರಾಗಿ ನಾನೂ ಅಷ್ಟನ್ನೇ ಹೇಳಿದವನು. ಆದರೆ ಕಾಗಿಣಾ ದಂಡೆಯ ಆ ಹಾಳು ಕೋಟೆಗೆ ಹೋದಾಗಲೆಲ್ಲ ನನ್ನನ್ನು ಕಾಡುವವನು ಬೇರೊಬ್ಬ: ಗೋಲ್ಕೊಂಡದ ಸರ್‌ಲಷ್ಕರ್, ಅಂದರೆ ಸೇನಾಪತಿ, ಮೀರ್ ಮುಹಮ್ಮದ್ ಇಬ್ರಾಹಿಂ.

1685. ಔರಂಗಜೇಬನ ದಂಡು ಬಿಜಾಪುರಕ್ಕೆ ಮುತ್ತಿಗೆ ಹಾಕಿತ್ತು. ಆ ಊರಿಗೆ ನೆರವು ಕಳಿಸುವುದಾಗಿ ಗೋಲ್ಕೊಂಡದ ಕುತುಬ್‌ಶಾಹಿ ದೊರೆ ತಾನಾಷಾ ಬರೆದ ಕಾಗದ ಮೊಗಲರ ಕೈಗೆ ಸಿಕ್ಕಿತು. ಬಾದಶಹನ ಮಗ ಷಾ ಆಲಂ ಹೈದರಾಬಾದಿನತ್ತ ಹೊರಟ. ಮಳಖೇಡದ ಬಳಿ ಇಬ್ರಾಹಿಂ ಅಡ್ಡ ನಿಂತ.

ಮಳೆಗಾಲದಲ್ಲಿ ಚಿತ್ತಾಪುರ, ಸೇಡಂ ಕಡೆಯ ತೊಗರಿ ಹೊಲದಲ್ಲಿ ನಡೆದವರಿಗೆ ಮುಂದಿನದನ್ನು ಬಿಡಿಸಿ ಹೇಳಬೇಕಿಲ್ಲ. ಅಡಿಯಲ್ಲಿ ಶಹಾಬಾದಿ ಕಲ್ಲು, ಮೇಲೆ ಎರೆ ಮಣ್ಣು. ಹತ್ತು ಹೆಜ್ಜೆ ಇಟ್ಟರೆ ಚಪ್ಪಲಿಯನ್ನು ಕೈಯಲ್ಲಿ ಹಿಡಿಯಬೇಕು. ತೋಪು, ಆನೆ, ಡೇರೆ, ಬಜಾರು ಎಲ್ಲವನ್ನೂ ಎಳೆದುಕೊಂಡು ಬಂದ ದಂಡು ಇಲ್ಲಿ ಹೂತುಕೊಳ್ಳದೆ ಏನು ಮಾಡೀತು? ನೆಲ ಬಲ್ಲ ಹಗುರ ಸವಾರರನ್ನು ನೆಚ್ಚಿದವನಿಗೆ ಮಳೆಯೇ ಅರ್ಧ ಸೈನ್ಯ. ಬಾದಶಹನ ಮಗನನ್ನು ಸುಮಾರು ಎರಡು ತಿಂಗಳು ಕಟ್ಟಿಹಾಕಿದ್ದು ಸಣ್ಣ ಮಾತಲ್ಲ. ಇಬ್ರಾಹಿಂನನ್ನು ಬರೀ ದ್ರೋಹಿ ಎಂದು ತಳ್ಳಿಹಾಕುವವರು ಈ ಎರಡು ತಿಂಗಳನ್ನು ಮರೆಯುತ್ತಾರೆ.

ಅಕ್ಟೋಬರಿನಲ್ಲಿ ಅವನೇ ಎದುರಾಳಿಯ ಡೇರೆಗೆ ಹೋಗಿ ಸೇರಿಕೊಂಡ. ಲಂಚ ಎನ್ನುವವರಿದ್ದಾರೆ. ಗೋಲ್ಕೊಂಡದ ದರಬಾರಿಗೆ ಅವನ ಮೇಲೆ ಸಂಶಯ ಹುಟ್ಟಿತ್ತು, ತಲೆ ಉಳಿಸಿಕೊಳ್ಳಲು ಹೋದ ಎನ್ನುವವರೂ ಇದ್ದಾರೆ. ಆ ಭಯ ನನಗೆ ಅರ್ಥವಾಗುತ್ತದೆ. ಗೆಲ್ಲದ ಸೇನಾಪತಿಯನ್ನು ಯಾವ ದರಬಾರು ನಂಬಿದೆ! ಆದರೆ ಅವನು ತನ್ನ ತಲೆಯೊಂದನ್ನೇ ಒಯ್ಯಲಿಲ್ಲ, ರಾಜಧಾನಿಯ ದಾರಿಯನ್ನೂ ಒಯ್ದ. ತಾನಾಷಾ ರಾತ್ರೋರಾತ್ರಿ ಗೋಲ್ಕೊಂಡದ ಕೋಟೆ ಸೇರಿದ, ಹೈದರಾಬಾದ್ ಲೂಟಿಯಾಯಿತು. ಮರುವರ್ಷದ ಮಾರ್ಚಿನಲ್ಲಿ ದಿವಾನ ಮಾದಣ್ಣ ಸೋದರ ಅಕ್ಕಣ್ಣನ ಜೊತೆ ಬೀದಿಯಲ್ಲಿ ಕೊಲೆಯಾದ.

ಅದೇ ದರಬಾರಿನಲ್ಲಿ ಅಬ್ದುರ್ ರಜಾಕ್ ಲಾರಿ ಇದ್ದ. 1687ರ ಸೆಪ್ಟೆಂಬರಿನಲ್ಲಿ ಯಾರೋ ಒಳಗಿನವರು ಮೊಗಲರಿಗೆ ಗೋಲ್ಕೊಂಡ ಕೋಟೆಯ ಬಾಗಿಲು ತೆರೆದಾಗ ಇವನು ಬಾಗಿಲಿಗೆ ಓಡಿ ಮೈಯೆಲ್ಲ 70ಕ್ಕೂ ಹೆಚ್ಚು ಗಾಯ ಮಾಡಿಕೊಂಡ. ಔರಂಗಜೇಬನೇ ಮೆಚ್ಚಿ ವೈದ್ಯರನ್ನು ಕಳಿಸಿದ. ಕೊನೆಗೆ ಲಾರಿಯೂ ಮೊಗಲರ ನೌಕರಿ ಹಿಡಿದ. ಆದರೆ ಕಾಯಲು ಕೋಟೆ ಉಳಿದಿರದಾಗ. ಇಬ್ರಾಹಿಂ ಹೋದಾಗ ಕೋಟೆಯೂ ಇತ್ತು, ದೊರೆಯೂ ಇದ್ದ, ಅವನ ಸವಾರರೂ ಇದ್ದರು. ನನ್ನ ತಕರಾರು ಅಷ್ಟೇ.

ಮೊಗಲರು ಇಬ್ರಾಹಿಂನಿಗೆ ಮಹಾಬತ್ ಖಾನ್ ಎಂಬ ಬಿರುದು ಕೊಟ್ಟರು.