ವಿಚಾರಣಾಧೀನ ಕೈದಿ

ಅರಬ್ಬಿಯಲ್ಲಿ ‘ಕೈದ್’ ಎಂದರೆ ಕಟ್ಟು, ಬೇಡಿ. ಅದು ಪಾರಸಿಯ ಮಾರ್ಗವಾಗಿ ನಮ್ಮ ಕಚೇರಿಗಳನ್ನು ಸೇರಿ ‘ಕೈದಿ’ಯಾಯಿತೇ ಹೊರತು, ನಮ್ಮ ಕೈಗಾಗಲಿ, ಆಯುಧವಾಚಕವಾದ ಹಳಗನ್ನಡದ ‘ಕೈದು’ವಿಗಾಗಲಿ ಅದು ಬಂಧುವಲ್ಲ. ಕೈಯ ನಂಟಿರುವುದು ‘ದಸ್ತಗಿರಿ’ಗೆ: ಪಾರಸಿಯ ‘ದಸ್ತ್’ ಎಂದರೆ ಹಸ್ತ, ‘ಗೀರ್’ ಎಂದರೆ ಹಿಡಿಯುವವನು. ಕೈಹಿಡಿದು ಕಾಯುವವನೆಂಬ ಭಾವದಿಂದ ಬಳ್ಳಾರಿ ಸೀಮೆಯಲ್ಲಿ ಮಕ್ಕಳಿಗೆ ದಸ್ತಗೀರನೆಂದು ಹೆಸರಿಡುವುದೂ ಇದೇ ಪದದಿಂದ.

ಇಂತಹ ‘ಕೈದಿ’ಗೆ ‘ವಿಚಾರಣಾಧೀನ’ವೆಂಬ ಸಂಸ್ಕೃತ ವಿಶೇಷಣವನ್ನು ಕೂಡಿಸಿದಾಗ, ಅಪರಾಧವಿನ್ನೂ ಸಿದ್ಧವಾಗದೆ ನ್ಯಾಯಾಲಯದ ನಿರ್ಣಯವನ್ನು ಎದುರುನೋಡುತ್ತ ಸೆರೆಯಲ್ಲಿರುವವನೆಂದು ಅರ್ಥವಾಗುತ್ತದೆ. ಕೂಡ್ಲಿಗಿ, ಕೊಟ್ಟೂರುಗಳ ಜನ ಮಾತ್ರ ಈ ಸೂಕ್ಷ್ಮವನ್ನೆಣಿಸದೆ ‘ಅಂವ ಒಳಗ ಅದಾನ’ ಎಂದುಬಿಡುತ್ತಾರೆ. ಶಿಕ್ಷೆಯಾದವನೂ ಆಗದವನೂ ಆ ‘ಒಳಗ’ದಲ್ಲಿ ಒಂದೇ. ಈ ಅನ್ಯಾಯಕ್ಕೆ ಆಡುಮಾತನ್ನೇ ದೂರುವುದು ಸಲ್ಲದು, ಶಿಷ್ಟಪದವೂ ‘ಕೈದಿ’ಯನ್ನು ಬಿಟ್ಟಿಲ್ಲವಷ್ಟೆ.

ಬಂಧಿತನನ್ನು ಪ್ರಯಾಣಕಾಲವನ್ನುಳಿದು 24 ಗಂಟೆಗಳೊಳಗೆ ಮ್ಯಾಜಿಸ್ಟ್ರೇಟರೆದುರು ನಿಲ್ಲಿಸಬೇಕೆಂಬುದು ಸಂವಿಧಾನದ 22ನೆಯ ವಿಧಿಯ ಆದೇಶ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೆಯ ಪ್ರಕರಣವು, ಮರಣದಂಡನೆ, ಜೀವಾವಧಿಗಳ ಆರೋಪವಿಲ್ಲದ ಹಾಗೂ ಹಿಂದೆಂದೂ ಶಿಕ್ಷೆಗೊಳಗಾಗದ ವಿಚಾರಣಾಧೀನನು ಗರಿಷ್ಠ ಶಿಕ್ಷೆಯ ಮೂರನೆಯ ಒಂದಂಶವನ್ನು ಸೆರೆಯಲ್ಲಿ ಕಳೆದಿದ್ದರೆ ಬಿಡುಗಡೆಗೆ ದಾರಿಮಾಡುತ್ತದೆ. ಬೇರೆ ಮೊಕದ್ದಮೆಗಳೂ ಬಾಕಿಯಿದ್ದರೆ ಈ ಸೌಲಭ್ಯವಿಲ್ಲ. ಆದರೂ ಜಾಮೀನಿಗೆ ನಿಲ್ಲುವವನು ಹೊಲದ ಪಹಣಿ ಹಿಡಿದು ಬರಬೇಕಾದಲ್ಲಿ, ಹೊಲವೇ ಇಲ್ಲದವನ ನಂಟರು ಯಾರ ಮನೆಬಾಗಿಲಿಗೆ ಹೋಗಬೇಕು?