ಕೈಗೆ ಮಾರುತ್ತರ ಕೊಡುವ ಚಕ್ರ

ಕಳೆದ ಬೇಸಿಗೆ ರಜೆಗೆ ಬೆಂಗಳೂರಿನಿಂದ ಬಂದ ಮೊಮ್ಮಗ, ಕಾಸರಕೋಡಿನ ನಮ್ಮ ಮನೆಯ ಮೇಜಿಗೆ ಒಂದು ಸ್ಟಿಯರಿಂಗ್ ಚಕ್ರವನ್ನು ಬಿಗಿದು, ಟಿ.ವಿ. ಪರದೆಯ ಮೇಲೆ ಕಾರು ಓಡಿಸತೊಡಗಿದ. ಎರಡು ದಿನ ನೋಡಿದ ಮೇಲೆ ನನ್ನನ್ನೂ ಕೂರಿಸಿದ. ಮಕ್ಕಳ ಆಟಿಕೆಯೆಂದು ಸಡಿಲವಾಗಿ ಹಿಡಿದಿದ್ದೆ. ಮೊದಲ ತಿರುವಿನಲ್ಲೇ ಚಕ್ರವು ನನ್ನ ಕೈಯನ್ನು ಜಗ್ಗಿ ಎಳೆಯಿತು! "ಅಜ್ಜ, ಅದಕ್ಕೆ ಫೋರ್ಸ್ ಫೀಡ್‌ಬ್ಯಾಕ್ ಎನ್ನುತ್ತಾರೆ" ಎಂದು ನಕ್ಕ. ಬಲದ ಮಾರುತ್ತರ ಎಂದು ನಾನು ಕನ್ನಡಿಸಿಕೊಂಡೆ. ಈ ಮಾರುತ್ತರಕ್ಕೂ ಒಂದು ಇತಿಹಾಸವಿದೆ.

1886ರಲ್ಲಿ ಕಾರ್ಲ್ ಬೆಂಝ್ ಪೇಟೆಂಟ್ ಪಡೆದ ಮೋಟಾರು ಗಾಡಿಗೆ ಚಕ್ರವಿರಲಿಲ್ಲ. ದೋಣಿಯ ಚುಕ್ಕಾಣಿಯಂತೆ ಒಂದು ಹಿಡಿಯಿತ್ತು. 1894ರ ಪ್ಯಾರಿಸ್–ರುವಾಂ ಓಟದಲ್ಲಿ ಆಲ್ಫ್ರೆಡ್ ವಾಶರೋನ್ ಎಂಬಾತ ತನ್ನ ಪನಾರ್ ಕಾರಿಗೆ ಹಿಡಿಯ ಬದಲು ಚಕ್ರವನ್ನು ಜೋಡಿಸಿದನು. ಕೈಗೂ ಗಾಲಿಗೂ ನಡುವೆ ಆಗ ಇದ್ದುದು ಕಬ್ಬಿಣದ ಸರಳು, ಹಲ್ಲುಗಾಲಿಗಳಷ್ಟೇ. ಆದುದರಿಂದ ರಸ್ತೆಯ ಪ್ರತಿ ಗುಂಡಿಯೂ ಅಂಗೈಗೆ ತಿಳಿಯುತ್ತಿತ್ತು. ಭಾರವೂ ಕಡಿಮೆಯಿರಲಿಲ್ಲ. ಹೊನ್ನಾವರದ ಪೇಟೆಯಲ್ಲಿ ಅಂಬಾಸಿಡರ್ ಕಾರನ್ನು ತಿರುಗಿಸಿ ನಿಲ್ಲಿಸಿದವರ ತೋಳುಗಳೇ ಇದಕ್ಕೆ ಸಾಕ್ಷಿ.

1951ರಲ್ಲಿ ಕ್ರೈಸ್ಲರ್ ಕಂಪನಿಯು ತನ್ನ ಇಂಪೀರಿಯಲ್ ಕಾರಿನಲ್ಲಿ ಪವರ್ ಸ್ಟಿಯರಿಂಗನ್ನು ಮಾರುಕಟ್ಟೆಗೆ ತಂದಿತು. ತೋಳಿನ ಶ್ರಮ ಇಳಿಯಿತು, ಜೊತೆಗೆ ರಸ್ತೆಯ ಮಾತೂ ಸ್ವಲ್ಪ ಮಂಕಾಯಿತು.

ಅದೇ ಕಾಲದಲ್ಲಿ ಅಮೆರಿಕದ ಆರ್ಗಾನ್ ರಾಷ್ಟ್ರೀಯ ಪ್ರಯೋಗಾಲಯದಲ್ಲಿ ರೇಮಂಡ್ ಗೋರ್ಟ್ಸ್ ಎಂಬ ವಿಜ್ಞಾನಿ ಇದಕ್ಕೆ ವಿರುದ್ಧ ದಿಕ್ಕಿನಲ್ಲಿ ದುಡಿಯುತ್ತಿದ್ದರು. ವಿಕಿರಣಶೀಲ ವಸ್ತುಗಳನ್ನು ದಪ್ಪ ಗೋಡೆಯ ಆಚೆಯಿಂದ ಯಂತ್ರದ ಕೈಗಳಲ್ಲಿ ಎತ್ತಿಡಬೇಕಿತ್ತು. ಹಿಡಿತ ಎಷ್ಟು ಬಿಗಿಯೆಂಬುದು ಮನುಷ್ಯನ ಕೈಗೆ ತಿಳಿಯದಿದ್ದರೆ ಗಾಜಿನ ಪಾತ್ರೆ ಒಡೆದುಹೋದೀತು. 1950ರ ದಶಕದಲ್ಲಿ ಅವರು ಯಂತ್ರದ ಕೈಗೆ ತಗುಲಿದ ಬಲವನ್ನು ವಿದ್ಯುತ್ ಮೋಟಾರುಗಳ ಮೂಲಕ ಮನುಷ್ಯನ ಕೈಗೆ ಮರಳಿಸುವ ವ್ಯವಸ್ಥೆಯನ್ನು ರೂಪಿಸಿದರು.

ಅದೇ ತತ್ವ ಆಟಕ್ಕೂ ಬಂದಿತು. 1989ರಲ್ಲಿ ಅಟಾರಿ ಗೇಮ್ಸ್ ತಯಾರಿಸಿದ 'ಹಾರ್ಡ್ ಡ್ರೈವಿನ್' ಎಂಬ ಆಟದ ಯಂತ್ರದಲ್ಲಿ ಚಕ್ರವನ್ನು ಮೋಟಾರು ತಿರುಚುತ್ತಿತ್ತು. 2001ರಲ್ಲಿ ಲಾಜಿಟೆಕ್ ಕಂಪನಿಯ 'ಜಿಟಿ ಫೋರ್ಸ್' ಚಕ್ರ, ಪ್ಲೇಸ್ಟೇಷನ್ 2ರ 'ಗ್ರಾನ್ ಟುರಿಸ್ಮೊ 3' ಆಟದೊಂದಿಗೆ ಮನೆಗಳಿಗೆ ಬಂದಿತು. 2004ರ 'ಗ್ರಾನ್ ಟುರಿಸ್ಮೊ 4'ರ ಹೊತ್ತಿಗೆ ನಿಜವಾದ ಕಾರಿನಂತೆ 900 ಡಿಗ್ರಿ, ಅಂದರೆ ಎರಡೂವರೆ ಸುತ್ತು ತಿರುಗುವ ಚಕ್ರವೂ ಸಿದ್ಧವಾಗಿತ್ತು.

ಇದರ ಒಳಗುಟ್ಟು ಸರಳ. ತಿರುವಿನಲ್ಲಿ ಮುಂಗಾಲಿಗಳು ತಾವಾಗಿ ನೇರವಾಗಲು ಹವಣಿಸುತ್ತವೆ. ಆ ಎಳೆತವೇ ಕೈಗೆ ಭಾರವಾಗಿ ತೋರುತ್ತದೆ. ಟೈರು ಹಿಡಿತದ ಕೊನೆಯಂಚಿಗೆ ಬರುವಾಗ, ಪೂರ್ತಿ ಜಾರುವುದಕ್ಕೆ ಮುನ್ನವೇ, ಈ ಎಳೆತ ಇಳಿಯತೊಡಗುತ್ತದೆ. ಕಣ್ಣು ಅಪಾಯವನ್ನು ಕಾಣುವ ಮೊದಲೇ ಚಕ್ರ ಹಗುರಾಗುತ್ತದೆ. ಆಟದ ಯಂತ್ರವು ಈ ಲೆಕ್ಕವನ್ನು ಸೆಕೆಂಡಿಗೆ ನೂರಾರು ಸಲ ಮಾಡಿ ಮೋಟಾರಿಗೆ ತಿಳಿಸುತ್ತದೆ.

ಇಷ್ಟನ್ನು ನಾನು ಪುಸ್ತಕಗಳಿಂದ ತಿಳಿದೆ. ಆದರೆ ನಿಜವಾಗಿ ಕಲಿಸಿದವನು ನನ್ನ ಹಳೆಯ ವಿದ್ಯಾರ್ಥಿ. ಈಗ ನಾಡದೋಣಿಯ ತಾಂಡೇಲ. ಒಂದು ಸಂಜೆ ಮೀನು ಕೊಡಲು ಬಂದಿದ್ದ. ಮೊಮ್ಮಗನ ಒತ್ತಾಯಕ್ಕೆ ಕುಳಿತ. ಕಾರು ಓಡಿಸಿ ಗೊತ್ತಿಲ್ಲದವನು. ಮೂರನೆಯ ಸುತ್ತಿನಲ್ಲಿ, ಪರದೆಯ ಮೇಲೆ ಕಾರು ಇನ್ನೂ ನೆಟ್ಟಗಿರುವಾಗಲೇ, "ಹಗುರಾಯ್ತು ಮಾಸ್ತರೇ, ಇದು ಈಗ ಜಾರ್ತದೆ" ಎಂದ. ಮರುಕ್ಷಣ ಕಾರು ಜಾರಿತು.

"ನಿನಗೆ ಹೇಗೆ ತಿಳಿಯಿತು?" ಎಂದೆ.

"ಶರಾವತಿಯ ಅಳಿವೆಯಲ್ಲಿ ಹಿಂದಿನಿಂದ ತೆರೆ ಬಂದು ದೋಣಿಯನ್ನೆತ್ತಿದಾಗ ಎಂಜಿನ್ನಿನ ಹಿಡಿ ಹೀಗೇ ಹಗುರಾಗ್ತದೆ. ಆಗ ನೀರು ಕೈಬಿಟ್ಟಿತು ಎಂದರ್ಥ. ಅದು ತಿಳಿಯದಿದ್ದರೆ ದೋಣಿ ಅಡ್ಡ ತಿರುಗಿ ಮಗುಚ್ತದೆ" ಎಂದ.

ಒಂಬತ್ತನೆಯ ತರಗತಿಯಲ್ಲಿ ಈತನಿಗೆ ನ್ಯೂಟನ್ನನ ಮೂರನೆಯ ನಿಯಮವನ್ನು ಕಲಿಸಿದವನು ನಾನೇ. ಕ್ರಿಯೆಗೆ ಸಮನಾದ ಪ್ರತಿಕ್ರಿಯೆ ಎಂಬುದನ್ನು ಅವನು ಒಪ್ಪಿಸಲಾರದೆ ಹೋದಾಗ ಪ್ರಗತಿಪತ್ರದಲ್ಲಿ 'ಗಮನವಿಲ್ಲ' ಎಂದು ಷರಾ ಬರೆದಿದ್ದೆ. ಮರುವರ್ಷ ಅವನು ಶಾಲೆ ಬಿಟ್ಟ. ಬೆಳಗಿನ ಜಾವ ತಂದೆಯೊಡನೆ ದೋಣಿಯಲ್ಲಿದ್ದು ಬರುವ ಹುಡುಗನೆಂದು ನನಗೆ ಗೊತ್ತಿತ್ತು. ಆ ಹಿಡಿಯ ಬಗ್ಗೆ ಒಂದೇ ಒಂದು ಪ್ರಶ್ನೆಯನ್ನು ಕೇಳಿದ್ದರೆ ಸಾಕಿತ್ತು, ತರಗತಿಗೆಲ್ಲ ಅವನೇ ಪಾಠ ಹೇಳುತ್ತಿದ್ದ. ಅವನು ಕೈತಪ್ಪಿಹೋಗುವ ಮುನ್ನ ಆ ತರಗತಿಯೂ ಹಗುರಾಗಿದ್ದಿರಬೇಕು. ನನ್ನ ಕೈಗೆ ಅದು ತಿಳಿಯಲಿಲ್ಲ.

ಹೊರಡುವಾಗ ಅವನು ಮೊಮ್ಮಗನಿಗೆ, "ಗಟ್ಟಿ ಹಿಡೀಬೇಡ ಮಾಣಿ. ಗಟ್ಟಿ ಹಿಡಿದರೆ ಅದು ಹೇಳುವುದು ಕೇಳುವುದಿಲ್ಲ" ಎಂದ. ಮೂವತ್ತು ವರ್ಷ ಪಾಠ ಹೇಳಿದ ನಾನು ಪಕ್ಕದಲ್ಲಿ ಸುಮ್ಮನೆ ನಿಂತು ಕೇಳಿಸಿಕೊಂಡೆ.