ಬಿರುಗಾಳಿಯ ನಡುವೆ ವಿಶ್ವಾಸ ಮತ್ತು ಸಮಾಧಾನ: ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ಹಿನ್ನೆಲೆಯಲ್ಲಿ

ಕರಾವಳಿಯವರಾದ ನಮಗೆ ಬಿರುಗಾಳಿ ಎಂದರೆ ಕಡಲು ನೆನಪಾಗುತ್ತದೆ. ಘಟ್ಟದ ಮೇಲಿನ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ಜನರಿಗೆ ಅದು ಮಳೆ, ಬೆಲೆ ಮತ್ತು ಸಾಲದ ರೂಪದಲ್ಲಿ ಬರುತ್ತದೆ.

1997ರಲ್ಲಿ ಧಾರವಾಡದಿಂದ ಬೇರ್ಪಟ್ಟ ಹಾವೇರಿ ಜಿಲ್ಲೆ ಕೃಷಿಕರ ನಾಡು. 2008ರ ಜೂನ್ 10ರಂದು ಹಾವೇರಿಯಲ್ಲಿ ರಸಗೊಬ್ಬರಕ್ಕಾಗಿ ಪ್ರತಿಭಟಿಸಿದ ರೈತರ ಮೇಲೆ ಗೋಲಿಬಾರ್ ನಡೆದು ಇಬ್ಬರು ಪ್ರಾಣ ಕಳೆದುಕೊಂಡರು. 2019ರ ಆಗಸ್ಟ್‌ನಲ್ಲಿ ವರದಾ ನದಿ ಉಕ್ಕಿ ಹೊಲಮನೆಗಳಿಗೆ ನುಗ್ಗಿತು. 2024ರ ಮಾರ್ಚ್ 11ರಂದು ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ದರ ಕುಸಿದಾಗ ರೊಚ್ಚಿಗೆದ್ದ ರೈತರು ಎಪಿಎಂಸಿ ಕಚೇರಿಗೆ ನುಗ್ಗಿದರು. ವಾಹನಗಳಿಗೆ ಬೆಂಕಿ ಬಿತ್ತು. ವರ್ಷದ ದುಡಿಮೆ ಒಂದೇ ದಿನದಲ್ಲಿ ಬೆಲೆ ಕಳೆದುಕೊಂಡವನಿಗೆ ಧರ್ಮಸಭೆ ಏನು ಹೇಳಬಲ್ಲದು?

ಕ್ರೈಸ್ತ ಸಮಾಧಾನ ಎಂದರೇನು?

ಸಮಾಧಾನ ಎಂದರೆ ಕಷ್ಟವಿಲ್ಲದ ಸ್ಥಿತಿಯಲ್ಲ, ಬಾಯಿಮುಚ್ಚಿ ಸಹಿಸುವುದೂ ಅಲ್ಲ. ಮಾರ್ಕನ ಶುಭಸಂದೇಶದಲ್ಲಿ (4:35-41) ಬಿರುಗಾಳಿಗೆ ಸಿಕ್ಕಿದ ಶಿಷ್ಯರು ಮಲಗಿದ್ದ ಯೇಸುಸ್ವಾಮಿಯನ್ನು ಎಬ್ಬಿಸಿ, ನಮ್ಮ ಬಗ್ಗೆ ನಿಮಗೆ ಚಿಂತೆಯೇ ಇಲ್ಲವೇ ಎಂದು ಕೇಳುತ್ತಾರೆ. ಯೇಸು ಮೊದಲು ಗಾಳಿಯನ್ನು ಗದರಿಸುತ್ತಾರೆ, ವಿಶ್ವಾಸದ ಪ್ರಶ್ನೆ ಕೇಳುವುದು ಆಮೇಲೆ. ದೇವರ ಮುಂದೆ ಗೋಳಿಡುವುದೂ ಪ್ರಾರ್ಥನೆಯೇ. ಕೀರ್ತನೆಗಳಲ್ಲಿ ಹಲವು ಇಂಥ ಗೋಳಿನ ಪ್ರಾರ್ಥನೆಗಳೇ ಆಗಿವೆ. ಕೋವಿಡ್ ಕಾಲದಲ್ಲಿ, 2020ರ ಮಾರ್ಚ್ 27ರಂದು, ಜಗದ್ಗುರು ಫ್ರಾನ್ಸಿಸ್‌ರವರು ಬರಿದಾದ ಸಂತ ಪೇತ್ರರ ಚೌಕದಲ್ಲಿ ನಿಂತು ಧ್ಯಾನಿಸಿದ್ದೂ ಇದೇ ಭಾಗವನ್ನು.

ಸಂತ ಪೌಲರ ಮಾದರಿ

ಪ್ರೇಷಿತರ ಕಾರ್ಯಕಲಾಪಗಳ 27ನೇ ಅಧ್ಯಾಯ ಇನ್ನಷ್ಟು ವಿವರ ನೀಡುತ್ತದೆ. ಹಡಗಿನಲ್ಲಿ 276 ಜನ. ಹದಿನಾಲ್ಕು ದಿನ ಬಿರುಗಾಳಿ. ನಾವಿಕರು ನಾಲ್ಕು ಲಂಗರು ಇಳಿಸಿ ಬೆಳಕಿಗಾಗಿ ಕಾಯುತ್ತಾರೆ. ಬೆಳಗಾಗುವ ಮುನ್ನ ಕೈದಿಯಾಗಿದ್ದ ಪೌಲರು ಎಲ್ಲರಿಗೂ ಊಟ ಮಾಡುವಂತೆ ಹೇಳಿ, ರೊಟ್ಟಿಯನ್ನು ತೆಗೆದು, ದೇವರಿಗೆ ಸ್ತೋತ್ರ ಸಲ್ಲಿಸಿ, ಮುರಿದು ತಿನ್ನುತ್ತಾರೆ. ಹಡಗು ಒಡೆಯಿತು, ಒಬ್ಬರೂ ಸಾಯಲಿಲ್ಲ. ವಿಶ್ವಾಸವು ಹಡಗು ಉಳಿಯುತ್ತದೆಂಬ ಖಾತರಿಯಲ್ಲ, ಒಡೆದ ಹಡಗಿನಲ್ಲೂ ದೇವರು ಕೈಬಿಡುವುದಿಲ್ಲವೆಂಬ ನಂಬಿಕೆ.

ಧರ್ಮಕೇಂದ್ರಗಳಲ್ಲಿ ಮಾಡಬಹುದಾದದ್ದು

1. ಕತ್ತಲಲ್ಲಿ ನಿರ್ಧಾರ ಬೇಡ. ಮನಸ್ಸು ಕುಗ್ಗಿರುವಾಗ ಹಿಂದಿನ ಒಳ್ಳೆಯ ನಿರ್ಧಾರಗಳನ್ನು ಬದಲಿಸಬಾರದೆಂಬುದು ಸಂತ ಇಗ್ನೇಷಿಯಸ್ ಲೊಯೋಲರ ಉಪದೇಶ. ಹೊಲ ಮಾರುವುದು, ಊರು ಬಿಡುವುದು, ಜೀವಕ್ಕೇ ಕುತ್ತು ತಂದುಕೊಳ್ಳುವುದು – ಇಂಥ ಯೋಚನೆ ಬಂದಾಗ ಮೊದಲು ಒಬ್ಬರೊಡನೆ ಮಾತನಾಡಬೇಕು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಉಚಿತ.

2. ಸಣ್ಣ ನಿಯಮ ಬಿಡಬಾರದು. ಸಂಜೆಯ ಜಪಸರ, ಭಾನುವಾರದ ಬಲಿಪೂಜೆ, ಮನೆಮಂದಿಯೊಡನೆ ಊಟ. ಇವೇ ನಮ್ಮ ಲಂಗರುಗಳು.

3. ಉಪದೇಶಕ್ಕಿಂತ ಭೇಟಿ ಮುಖ್ಯ. ವಿಶ್ವಾಸವಿಡಿ, ಎಲ್ಲ ಸರಿಹೋಗುತ್ತದೆ ಎಂದು ಹೇಳಿ ಎದ್ದುಬಂದರೆ ಗಾಯಕ್ಕೆ ಉಪ್ಪು ಸವರಿದಂತೆ. ಗುರಿಕಾರರು, ಧರ್ಮಭಗಿನಿಯರು ಆ ಮನೆಯಲ್ಲಿ ಸ್ವಲ್ಪ ಹೊತ್ತು ಕುಳಿತು ಕೇಳಲಿ. ಸಾಲ, ಬೆಳೆವಿಮೆಯ ಕಾಗದಪತ್ರಕ್ಕೆ ನೆರವಾಗಲಿ.

4. ನ್ಯಾಯದ ಬೇಡಿಕೆ ತಪ್ಪಲ್ಲ. ಬೆಳೆದವನಿಗೆ ತಕ್ಕ ಬೆಲೆ ಸಿಗಬೇಕೆಂದು ಕೇಳುವುದು ಧರ್ಮಸಭೆಯ ಸಾಮಾಜಿಕ ಬೋಧನೆಗೆ ಅನುಗುಣವಾದದ್ದೇ. ಬೆಂಕಿ ಮಾತ್ರ ನ್ಯಾಯ ತಾರದು. ಶಾಂತ ಮನಸ್ಸಿನವನು ಹೆಚ್ಚು ಕಾಲ ಹೋರಾಡಬಲ್ಲ.

ಈ ಮೂರು ಊರುಗಳಲ್ಲಿ ಕ್ರೈಸ್ತರು ಬೆರಳೆಣಿಕೆಯಷ್ಟು. ಆದರೆ ರಾಣೆಬೆನ್ನೂರಿನಿಂದ ತುಂಗಭದ್ರೆ ದಾಟಿದರೆ ಹರಿಹರದ ಆರೋಗ್ಯಮಾತೆಯ ಬಸಿಲಿಕಾ ಇದೆ. ಸೆಪ್ಟೆಂಬರ್ 8ರಂದು ನಾವು ಇಲ್ಲಿ ಮೊಂತಿ ಹಬ್ಬದಲ್ಲಿ ಹೊಸ ತೆನೆಯನ್ನು ಆಶೀರ್ವದಿಸುವಾಗ, ಅಲ್ಲಿ ಎಲ್ಲ ಧರ್ಮದವರೂ ತಮ್ಮ ಹೊರೆಯನ್ನು ಅದೇ ತಾಯಿಯ ಮುಂದೆ ಇಳಿಸುತ್ತಾರೆ. ಮುಂದಿನ ಹಬ್ಬದಂದು ನಮ್ಮ ತೆನೆಯ ಜೊತೆಗೆ ಘಟ್ಟದ ಮೇಲಿನ ರೈತನನ್ನೂ ನೆನೆಯೋಣ.